ಚರಟ

ಮರಕ್ಕೂ ನಂಬರಿತ್ತು, ನೂರಾ ಹದಿನೆಂಟು,
ಬಿಳಿ ಸುಣ್ಣದ ಪಟ್ಟಿಯ ಮೇಲೆ ಕೆಂಪಲ್ಲಿ.
ಬನ್ನೇರುಘಟ್ಟ ರಸ್ತೆ ಅಗಲವಾಗುತ್ತಿದ್ದ ವಾರ
ಗರಗಸದವನ ಕೈಗೆ ಇನ್ನೂರು ರೂಪಾಯಿಟ್ಟು
ಎರಡು ಗೋಣಿ ತೊಗಟೆ ಆಟೋಗೆ ತುಂಬಿದೆ.
ಅವೆನ್ಯೂ ರಸ್ತೆಯ ಗ್ರಂದಿಗೆ ಅಂಗಡಿಯಿಂದ ತಂದದ್ದನ್ನು
ಅರ್ಧ ಹೊಳೆಮತ್ತಿ, ಅರ್ಧ ಯಾವುದೋ ಎಂದು
ಸಸ್ಯಶಾಸ್ತ್ರದ ನಸ್ರೀನ್ ಮೇಡಂ ಮೂಸಿ ಬಿಸಾಡಿದ್ದರು.
ಈ ಸಲ ಎಲೆ ಕೇಳಿದರು, ಕಾಯಿ ಕೇಳಿದರು,
ಐದು ರೆಕ್ಕೆಯ ಒಣಕಾಯಿ ಬೆರಳಲ್ಲಿ ತಿರುಗಿಸಿ
ರುಜು ಹಾಕಿದರು.

ನೆರಳಲ್ಲಿ ಒಣಗಿಸು, ಕುಟ್ಟು, ಜರಡಿ ಹಿಡಿ.
ಸಾಕ್ಸ್‌ಲೆಟ್ಟಿನ ಗಾಜಿನಲ್ಲಿ
ಸಾರಾಯಿ ಹಬೆ ಏರಿ, ತಣಿದು, ತೊಟ್ಟಿಕ್ಕಿ,
ತುಂಬಿ, ಒಮ್ಮೆಗೇ ಗುಳುಕ್ಕನೆ ಇಳಿಯುತ್ತದೆ.
ಮತ್ತೆ ತೊಟ್ಟು. ಮತ್ತೆ ಗುಳುಕ್ಕು.
ಮೊದಲು ಡಿಕಾಕ್ಷನ್ ಬಣ್ಣ, ಮಧ್ಯಾಹ್ನಕ್ಕೆ ತೆಳು ಚಹಾ,
ಕರೆಂಟು ಹೋಗಿ ಬಂದು, ರಾತ್ರಿ ಒಂಬತ್ತಕ್ಕೆ ಬರೀ ನೀರು.
ಇನ್ನೇನೂ ಇಲ್ಲ ಇದರಲ್ಲಿ, ಎಂದೆ.
ಚರಟವನ್ನು ಕವರಿಗೆ ಸುರಿದು ಗಂಟು ಹಾಕಿಕೊಂಡ ಅಂತೋಣಪ್ಪ.
"ಗಿಡಕ್ಕೆ" ಎಂದ.
ಆಮೇಲಿನ ಒಂಬತ್ತು ಸಲವೂ ಹಾಗೇ, "ಗಿಡಕ್ಕೆ."

ಅಂತೋಣಪ್ಪ ಇಲಿಮನೆಯವನು. ಮೂವತ್ತೊಂದು ವರ್ಷ
ಮೂರನೇ ಮಹಡಿಯ ಆ ವಾಸನೆಯನ್ನೇ ಅಂಗಿಯಂತೆ ತೊಟ್ಟವನು.
ಮೂವತ್ತು ಬಿಳಿ ಇಲಿ, ಐದು ಪಂಜರ.
ತಲೆಗೆ, ಬೆನ್ನಿಗೆ, ಬಾಲದ ಬುಡಕ್ಕೆ
ಗುರುತಿಗೆಂದು ಪಿಕ್ರಿಕ್ ಹಳದಿ ಹಚ್ಚಿ
"ಅರಿಶಿನ ಶಾಸ್ತ್ರ ಆಯ್ತು ಮೇಡಮ್ಮೋರೇ" ಅನ್ನುವನು.
ಒಂದು ಪಂಜರಕ್ಕೆ ದಿನದ ಮೇವು.
ನಾಲ್ಕಕ್ಕೆ ವನಸ್ಪತಿ, ಕೊಬ್ಬರಿ ಎಣ್ಣೆ ಕಲಸಿದ ಉಂಡೆ,
ನಲವತ್ತು ದಿನದ ಹಬ್ಬ.
ಆಮೇಲೆ ಒಂದಕ್ಕೆ ಔಷಧಿ ಅಂಗಡಿಯ ಮಾತ್ರೆ,
ಎರಡಕ್ಕೆ ನನ್ನ ತೊಗಟೆಯ ಸಾರ, ಇದಕ್ಕೆ ಕಮ್ಮಿ, ಅದಕ್ಕೆ ಜಾಸ್ತಿ.
ಮಿಕ್ಕ ಒಂದಕ್ಕೆ ಗೋಂದಿನ ನೀರು.
"ಇವಕ್ಕ್ಯಾಕಿಲ್ಲ ಔಸ್ದಿ?"
ಇವು ಹೀಗಿದ್ದರೆ ತಾನೇ ಉಳಿದವು ಗೊತ್ತಾಗೋದು, ಎಂದೆ.
ಅವತ್ತು ಬಹಳ ಹೊತ್ತು
ಆ ಒಂದು ಪಂಜರದ ನೀರಿನ ಬಾಟಲಿ ತೊಳೆದ.

ರಕ್ತವನ್ನು ಕಣ್ಣಿನ ಮೂಲೆಯಿಂದ ತೆಗೆಯುತ್ತಾರೆ.
ಅದರ ಬಗ್ಗೆ ಇಷ್ಟೇ.

ಕೋಷ್ಟಕ ಬಂತು. ಮಾತ್ರೆಯ ಮುಂದೆ ಮೂರು ನಕ್ಷತ್ರ.
ಜಾಸ್ತಿ ಸಾರಕ್ಕೆ ಒಂದು. ಕಮ್ಮಿಗಿಲ್ಲ.
ಒಂದೇ ಒಂದು, ಯಾವ ಪಂಚಾಂಗಕ್ಕೂ ಸೇರದ್ದು,
ಆದರೂ ರಾತ್ರಿ ಬಸ್ಸಿನಲ್ಲಿ ಅದನ್ನೇ ನೋಡುತ್ತ
ಇಳಿಯಬೇಕಾದ ಶಾಂತಿನಗರ ದಾಟಿ ಹೋದೆ.

ನಿವೃತ್ತಿಯ ವಾರ ಅಂತೋಣಪ್ಪ
ಜೇಬಿನಿಂದ ಎರಡು ಚೀಟಿ ತೆಗೆದ, ಇಎಸ್ಐ ಆಸ್ಪತ್ರೆಯವು,
ಬೆವರಿಗೆ ಮೆತ್ತಗಾಗಿದ್ದವು.
ಈಸ್ಟರಿಗೆ ಇನ್ನೂರ ಎಪ್ಪತ್ತೊಂದು. ಈಗ ಇನ್ನೂರ ಎಂಟು.
"ಗಿಡಕ್ಕಲ್ಲ ಮೇಡಮ್ಮೋರೇ. ದಿನಾ ಒಂದ್ ಚೊಂಬು
ಕುದ್ಸಿ ಕುಡ್ದೆ."
ಏನನ್ನ?
"ಅದೇ, ನೀವು ಬಿಸಾಕ್ತಿದ್ರಲ್ಲ."

ಸಿಟ್ಟು ಬಂತು ನನಗೆ. ಏನಿತ್ತು ಅದರಲ್ಲಿ?
ಹನ್ನೆರಡು ಗಂಟೆ ಹಿಂಡಿ, ನೀರು ತಿಳಿಯಾಗುವ ತನಕ ಕೂತಿದ್ದೆ.
ಮಾತ್ರೆ? "ಕೊಟ್ಟವ್ರೆ. ನೆನಪಾದಾಗ."
ಹಂದಿ ಸಾರು? "ಚೌರಮ್ಮ ನಿಲ್ಸವ್ಳೆ."
ಬಸ್ಸು? "ಸ್ಟಾಪೇ ಕಿತ್ತಾಕಿದ್ರಲ್ಲ. ನಡ್ಕಂಡೇ ಬರ್ತೀನಿ,
ಆ ಮರ ಇತ್ತಲ್ಲ, ಅಲ್ಲಿಂದ. ನೆರಳಿಲ್ಲ ಈಗ."

ಒಂದು ಜೀವ, ನಾಲ್ಕು ಕಾರಣ,
ಗೋಂದಿನ ನೀರು ಕುಡಿದ ಇನ್ನೊಬ್ಬ ಅಂತೋಣಪ್ಪ
ಯಾವ ಪಂಜರದಲ್ಲೂ ಇಲ್ಲ.
ಪ್ರಬಂಧದ ಯಾವ ಪುಟಕ್ಕೂ ಅಂಟಿಸಲಾಗದ ಚೀಟಿಗಳನ್ನು
ಮಡಿಸಿ ವಾಪಸು ಕೊಟ್ಟೆ.
ಮಾತ್ರೆ ಮಾತ್ರ ಬಿಡಬೇಡಿ, ಎಂದೆ. "ಆಯ್ತು.
ಇನ್ನೊಂದ್ ಕವರು ಇದ್ಯಾ?"

ಇತ್ತು.
ಅವನ ಬೆನ್ನ ಹಿಂದೆ ಐದು ಪಂಜರ,
ತೊಳೆದು, ಬಾಗಿಲು ತೆಗೆದು, ಬಿಸಿಲಿಗಿಟ್ಟವು.